ನೇಪಾಳ, ಭೂತಾನ್ ಪ್ರವಾಸ: ಗಡಿ ದಾಟುವ ಮುಂಚೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಶಿ, ಗಯಾ ಮುಗಿಸಿಕೊಂಡು ಹಾಗೇ ಪಶುಪತಿನಾಥ, ಮುಕ್ತಿನಾಥಕ್ಕೆ ಹೋಗಿ ಬರುವ ಕುಟುಂಬಗಳು ಕರ್ನಾಟಕದಲ್ಲಿ ಬಹಳ. ಈಚಿನ ವರ್ಷಗಳಲ್ಲಿ ಭೂತಾನ್‌ಗೆ ಹೊರಡುವವರೂ ಹೆಚ್ಚಿದ್ದಾರೆ. ಎರಡೂ ದೇಶಗಳಿಗೆ ನಮಗೆ ವೀಸಾ ಬೇಡ. ಹೆಚ್ಚಿನವರು ಎಡವುವುದೂ ಇದೇ ಮಾತನ್ನು ನಂಬಿ. ವೀಸಾ ಬೇಡವಾದರೂ ಕಾಗದಪತ್ರ ಬೇಕು. ಯಾವ ಕಾಗದ ಕೈಯಲ್ಲಿದೆ ಎಂಬುದರ ಮೇಲೆ ಯಾವ ದಾರಿ ಹಿಡಿಯಬೇಕು ಎಂಬುದು ತೀರ್ಮಾನವಾಗುತ್ತದೆ. ಟಿಕೆಟ್ ಬುಕ್ ಮಾಡುವ ಮುಂಚೆ ಮೊದಲ ಐದು ಪ್ರಶ್ನೆಗಳನ್ನಾದರೂ ಓದಿಕೊಳ್ಳಿ.

ನೇಪಾಳಕ್ಕೂ ಭೂತಾನ್‌ಗೂ ಭಾರತೀಯರಿಗೆ ನಿಜವಾಗಿಯೂ ವೀಸಾ ಬೇಡವೇ?

ಬೇಡ. ಆದರೆ ಎರಡೂ ಕಡೆಯ ವ್ಯವಸ್ಥೆ ಒಂದೇ ಅಲ್ಲ. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದ ಪ್ರಕಾರ ಭಾರತೀಯರು ನೇಪಾಳಕ್ಕೆ ವೀಸಾ, ಪರ್ಮಿಟ್ ಯಾವುದೂ ಇಲ್ಲದೆ ಹೋಗಬಹುದು, ಎಷ್ಟು ದಿನ ಬೇಕಾದರೂ ಇರಬಹುದು. ರಸ್ತೆ ಗಡಿಯಲ್ಲಿ ಭಾರತೀಯರ ಪಾಸ್‌ಪೋರ್ಟ್‌ಗೆ ಮುದ್ರೆ ಹಾಕಿಸುವ ಅಗತ್ಯವೂ ಇಲ್ಲ.

ಭೂತಾನ್‌ಗೆ ವೀಸಾ ಬೇಡವಾದರೂ ಪ್ರವೇಶ ಪರ್ಮಿಟ್ ಕಡ್ಡಾಯ, ಜೊತೆಗೆ ತಂಗುವ ಪ್ರತಿ ರಾತ್ರಿಗೂ ಸರಕಾರಕ್ಕೆ ಶುಲ್ಕ ಕಟ್ಟಬೇಕು. ಆದ್ದರಿಂದ ನೇಪಾಳಕ್ಕೆ ನಾಳೆಯೇ ಹೊರಡಬಹುದು, ಭೂತಾನ್‌ಗೆ ಮುಂಚಿತವಾಗಿ ಸಿದ್ಧತೆ ಮಾಡಿಕೊಳ್ಳಲೇಬೇಕು.

ಆಧಾರ್ ಕಾರ್ಡ್ ಸಾಕಾಗುವುದಿಲ್ಲವೇ?

ಸಾಕಾಗುವುದಿಲ್ಲ. ಇದು ಅತಿ ಹೆಚ್ಚು ಬರುವ ಪ್ರಶ್ನೆ, ವಿಮಾನ ನಿಲ್ದಾಣದ ಕೌಂಟರಿನಿಂದ ಜನ ವಾಪಸ್ ಬರಲು ಅತಿ ಸಾಮಾನ್ಯ ಕಾರಣವೂ ಇದೇ. ವಿಮಾನದಲ್ಲಿ ನೇಪಾಳಕ್ಕೆ ಹೋಗಲು ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಅಥವಾ ಭಾರತದ ಚುನಾವಣಾ ಆಯೋಗ ಕೊಟ್ಟ ವೋಟರ್ ಐಡಿ ಬೇಕು. ಭೂತಾನ್‌ಗೂ ಇವೆರಡರಲ್ಲಿ ಒಂದು ಬೇಕು. ಪಾಸ್‌ಪೋರ್ಟ್ ಆದರೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಪ್ಯಾನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಕಚೇರಿಯ ಗುರುತಿನ ಚೀಟಿ ಇವು ಯಾವುವೂ ದೊಡ್ಡವರಿಗೆ ನಡೆಯುವುದಿಲ್ಲ.

ಸುನೌಲಿ, ರಕ್ಸೌಲ್‌ನಂಥ ರಸ್ತೆ ಗಡಿಗಳಲ್ಲಿ ಆಧಾರ್ ತೋರಿಸಿ ದಾಟಿದವರು ಸಿಗುತ್ತಾರೆ, ಎಷ್ಟೋ ಸಲ ಅಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ. ಆ ಧೈರ್ಯದಲ್ಲಿ ಹೋದವರು, ಊರಿಂದ ತುರ್ತು ಕರೆ ಬಂದು ಕಠ್ಮಂಡುವಿನಿಂದ ವಿಮಾನ ಹತ್ತಬೇಕಾದಾಗ ಪರದಾಡುತ್ತಾರೆ. ವಾಪಸ್ ಬರುವ ವಿಮಾನಕ್ಕೂ ಅದೇ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಬೇಕು. ಬಸ್ಸಲ್ಲೇ ಹೋಗಿ ಬಸ್ಸಲ್ಲೇ ಬರುವ ಯೋಜನೆ ಇದ್ದರೂ ಇವೆರಡರಲ್ಲಿ ಒಂದನ್ನು ಜೊತೆಗಿಟ್ಟುಕೊಳ್ಳಿ.

ವೋಟರ್ ಐಡಿಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಬೇರೆ ಇದೆ, ಫೋಟೊ ಮಾಸಿದೆ. ತೊಂದರೆಯೇ?

ತೊಂದರೆಯೇ. ಹಳೆಯ ಲ್ಯಾಮಿನೇಟ್ ಮಾಡಿದ ಕಾರ್ಡ್‌ಗಳಲ್ಲಿ ಕನ್ನಡದ ಹೆಸರು ಸರಿ ಇದ್ದು, ಇಂಗ್ಲಿಷಿನಲ್ಲಿ ಬೇರೆಯೇ ರೂಪ ಇರುವುದು ಸಾಮಾನ್ಯ. ಮಂಜುನಾಥ ಎಂಬ ಹೆಸರಿಗೆ ಕೊನೆಯಲ್ಲಿ ಒಂದು ಅಕ್ಷರ ಹೆಚ್ಚು ಅಥವಾ ಕಡಿಮೆ, ಇನಿಷಿಯಲ್ ಹಿಂದೆ ಮುಂದೆ. ವಿಮಾನಯಾನ ಸಂಸ್ಥೆಯವರು ನೋಡುವುದು ಟಿಕೆಟ್ಟಿನ ಹೆಸರೂ ಕಾರ್ಡಿನ ಹೆಸರೂ ಹೊಂದುತ್ತವೆಯೇ ಎಂಬುದನ್ನು. ಆದ್ದರಿಂದ ಆಧಾರ್ ನೋಡಿ ಟಿಕೆಟ್ ಬುಕ್ ಮಾಡಬೇಡಿ. ಪ್ರಯಾಣಕ್ಕೆ ಯಾವ ಗುರುತಿನ ಚೀಟಿ ಬಳಸುತ್ತೀರೋ ಅದರಲ್ಲಿರುವಂತೆಯೇ ಹೆಸರು ಟೈಪ್ ಮಾಡಿ.

ತಿದ್ದುಪಡಿಗೂ ಹೊಸ ಕಾರ್ಡ್‌ಗೂ ಚುನಾವಣಾ ಆಯೋಗದ ಫಾರ್ಮ್ 8 ಇದೆ, ಆನ್‌ಲೈನ್‌ನಲ್ಲೇ ಸಲ್ಲಿಸಬಹುದು. ಕಾರ್ಡ್ ಅಂಚೆಯಲ್ಲಿ ಮನೆಗೆ ಬರಲು ಹಲವು ವಾರ ಹಿಡಿಯಬಹುದು. ಅಷ್ಟು ಸಮಯ ಇಲ್ಲದಿದ್ದರೆ ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಮಾಡಿಸುವುದೇ ಮೇಲು. ಮೊಬೈಲಿನಲ್ಲಿರುವ ಪ್ರತಿಯನ್ನಾಗಲಿ ಜೆರಾಕ್ಸ್ ಅನ್ನಾಗಲಿ ನೆಚ್ಚಿಕೊಳ್ಳಬೇಡಿ. ಮೂಲ ಕಾರ್ಡೇ ಕೈಯಲ್ಲಿರಲಿ.

ಪಾಸ್‌ಪೋರ್ಟ್ ಮತ್ತು ವೋಟರ್ ಐಡಿ ಎರಡೂ ಇದ್ದರೆ ಪಾಸ್‌ಪೋರ್ಟ್ ಬಳಸಿ. ಹೋಟೆಲ್, ಸಿಮ್, ಪರ್ಮಿಟ್, ಎಲ್ಲ ಕಡೆ ಅದರಲ್ಲಿ ಕೆಲಸ ಬೇಗ ಮುಗಿಯುತ್ತದೆ.

ಮಕ್ಕಳಿಗೆ ಮತ್ತು ಹಿರಿಯರಿಗೆ ಏನು ಬೇಕು?

ನೇಪಾಳಕ್ಕೆ 15 ವರ್ಷದೊಳಗಿನವರಿಗೂ 65 ದಾಟಿದವರಿಗೂ ವಿನಾಯಿತಿ ಇದೆ. ವಯಸ್ಸು ಮತ್ತು ಗುರುತು ತೋರಿಸುವ, ಫೋಟೊ ಇರುವ ದಾಖಲೆ ಸಾಕು, ಇಲ್ಲಿ ಆಧಾರ್ ನಡೆಯುತ್ತದೆ. 15ರಿಂದ 18ರ ನಡುವಿನ ಮಕ್ಕಳದ್ದೇ ಸ್ವಲ್ಪ ಕಗ್ಗಂಟು. ಅವರಿಗೆ ವೋಟರ್ ಐಡಿ ಇರುವುದಿಲ್ಲ, ವಯಸ್ಸಿನ ವಿನಾಯಿತಿಯೂ ಸಿಗುವುದಿಲ್ಲ. ಪಾಸ್‌ಪೋರ್ಟ್ ಇಲ್ಲದಿದ್ದರೆ ಶಾಲೆಯ ಪ್ರಾಂಶುಪಾಲರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರ ಬೇಕು. ಪಿಯುಸಿ ಓದುವ ಮಕ್ಕಳನ್ನು ದಸರಾ ರಜೆಯಲ್ಲಿ ಕರೆದೊಯ್ಯುವವರು ರಜೆ ಶುರುವಾಗುವ ಮುಂಚೆಯೇ ಆ ಪತ್ರ ತೆಗೆದುಕೊಳ್ಳಬೇಕು. ರಜೆಯಲ್ಲಿ ಕಾಲೇಜು ಬಾಗಿಲು ಹಾಕಿರುತ್ತದೆ.

ಭೂತಾನ್‌ನಲ್ಲಿ ಹಿರಿಯರಿಗೆ ಇಂಥ ವಿನಾಯಿತಿ ಇಲ್ಲ. 18ರೊಳಗಿನವರಿಗೆ ಪಾಸ್‌ಪೋರ್ಟ್ ಅಥವಾ ಇಂಗ್ಲಿಷಿನಲ್ಲಿರುವ ಜನನ ಪ್ರಮಾಣಪತ್ರ ಬೇಕು, ಜೊತೆಗೆ ತಂದೆ, ತಾಯಿ ಅಥವಾ ಕಾನೂನುಬದ್ಧ ಪೋಷಕರು ಇರಬೇಕು. ಜನನ ಪ್ರಮಾಣಪತ್ರ ಕನ್ನಡದಲ್ಲಿ ಮಾತ್ರ ಇದ್ದರೆ ಇಂಗ್ಲಿಷ್ ಇರುವ ಹೊಸ ಪ್ರತಿ ತೆಗೆಸಿಕೊಳ್ಳಿ. ಅಜ್ಜ ಅಜ್ಜಿಯ ಜೊತೆ ಮೊಮ್ಮಕ್ಕಳನ್ನಷ್ಟೇ ಕಳಿಸುವುದಿದ್ದರೆ, ಯಾವ ಒಪ್ಪಿಗೆ ಪತ್ರ ಬೇಕೆಂದು ಭೂತಾನ್ ವಲಸೆ ಇಲಾಖೆಗೆ ಇಮೇಲ್ ಬರೆದು ಲಿಖಿತ ಉತ್ತರ ಪಡೆದುಕೊಂಡೇ ಮುಂದುವರಿಯಿರಿ.

ನಮ್ಮ ಮಗಳದು ಅಮೆರಿಕದ ಪಾಸ್‌ಪೋರ್ಟ್, ಒಸಿಐ ಕಾರ್ಡ್ ಇದೆ. ನಮ್ಮ ಜೊತೆ ಬರಬಹುದೇ?

ಬರಬಹುದು, ಆದರೆ ಅವರಿಗೆ ನಿಯಮ ಪೂರ್ತಿ ಬೇರೆ. ಒಸಿಐ ಅಂದರೆ ಬೇರೆ ದೇಶದ ಪ್ರಜೆಯಾಗಿರುವ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್, ಅದಕ್ಕೆ ಬೆಲೆ ಇರುವುದು ಭಾರತದೊಳಗೆ. ನೇಪಾಳ, ಭೂತಾನ್ ಕಣ್ಣಿಗೆ ಅವರು ಅಮೆರಿಕದ ಪ್ರಜೆ ಅಷ್ಟೆ.

ನೇಪಾಳದಲ್ಲಿ ಅವರು ಆಗಮನ ವೀಸಾ ತೆಗೆದುಕೊಳ್ಳಬೇಕು: 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50, 90 ದಿನಕ್ಕೆ 125. ಭೂತಾನ್‌ಗೆ ಮುಂಚಿತವಾಗಿಯೇ ವೀಸಾ ಬೇಕು. 40 ಡಾಲರ್ ವೀಸಾ ಶುಲ್ಕದ ಮೇಲೆ ರಾತ್ರಿಗೆ 100 ಡಾಲರ್ ಅಭಿವೃದ್ಧಿ ಶುಲ್ಕ. ಒಂದೇ ಮನೆಯವರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ರಾತ್ರಿಗೆ ₹1,200 ಕಟ್ಟಿದರೆ ಮಗಳು ಅದರ ಹಲವು ಪಟ್ಟು ಕಟ್ಟಬೇಕು. ಬಜೆಟ್ ಹಾಕುವಾಗ ಇದನ್ನು ಮರೆಯಬೇಡಿ.

ದೊಡ್ಡ ತಪ್ಪು ಆಗುವುದು ರಸ್ತೆ ಗಡಿಯಲ್ಲಿ. ಸುನೌಲಿಯ ಬೀದಿಯಲ್ಲಿ ಅಂಗಡಿಗಳ ಸಾಲಿನ ನಡುವೆ ಭಾರತದ ವಲಸೆ ಕಚೇರಿ ಇದೆ. ನೋಡಿದರೆ ಕಚೇರಿ ಅನ್ನಿಸುವುದೇ ಇಲ್ಲ. ಭಾರತೀಯರೂ ನೇಪಾಳಿಗಳೂ ಸೈಕಲ್, ರಿಕ್ಷಾ, ಬ್ಯಾಗು ಸಮೇತ ಅದರ ಮುಂದೆಯೇ ಹರಿದು ಹೋಗುತ್ತಿರುತ್ತಾರೆ, ಯಾರನ್ನೂ ಯಾರೂ ತಡೆಯುವುದಿಲ್ಲ. ಮಗಳೂ ಆ ಜನರ ಜೊತೆ ನಡೆದುಬಿಟ್ಟರೆ ಭಾರತದಿಂದ ನಿರ್ಗಮನದ ಮುದ್ರೆ ಬಿದ್ದಿರುವುದಿಲ್ಲ, ನೇಪಾಳದ ಪ್ರವೇಶದ ಮುದ್ರೆಯೂ ಇರುವುದಿಲ್ಲ. ಇದು ಬಯಲಾಗುವುದು ಕಠ್ಮಂಡು ವಿಮಾನ ನಿಲ್ದಾಣದಲ್ಲಿ ವಾಪಸ್ ಹೊರಡುವಾಗ. ಆಗ ದಂಡ, ವಿಚಾರಣೆ, ತಪ್ಪಿದ ವಿಮಾನ. ವಿದೇಶಿ ಪಾಸ್‌ಪೋರ್ಟ್ ಇರುವವರು ಮೊದಲು ಭಾರತದ ಕಚೇರಿಯನ್ನು ಹುಡುಕಿ ನಿರ್ಗಮನದ ಮುದ್ರೆ ಹಾಕಿಸಬೇಕು. ಕಮಾನು ದಾಟಿದ ಮೇಲೆ ನೇಪಾಳದ ಕಚೇರಿಯಲ್ಲಿ ವೀಸಾ ಪಡೆದು, ಪ್ರವೇಶದ ಮುದ್ರೆ ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಬೇಕು. ಡಾಲರ್ ನಗದು ಸ್ವಲ್ಪ ಜೊತೆಗಿರಲಿ.

ಒಸಿಐ ಇಲ್ಲದೆ ಭಾರತದ ಇ-ವೀಸಾದಲ್ಲಿ ಬಂದವರಾದರೆ ಇನ್ನೊಂದು ಎಚ್ಚರ: ಇ-ವೀಸಾದಲ್ಲಿ ಭಾರತದೊಳಗೆ ಬರಲು ನಿಗದಿತ ತಾಣಗಳು ಮಾತ್ರ ಇವೆ. ವಾಪಸ್ ಬರುವ ಗಡಿ ಆ ಪಟ್ಟಿಯಲ್ಲಿ ಇದೆಯೇ ಎಂದು ಭಾರತ ಸರಕಾರದ ಇ-ವೀಸಾ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಬೇಕು.

ಬೆಂಗಳೂರಿನಿಂದ ನೇಪಾಳಕ್ಕೆ ಯಾವ ದಾರಿ ಒಳ್ಳೆಯದು?

ಸಮಯ ಕಡಿಮೆ ಇದ್ದರೆ ವಿಮಾನ. ಹೆಚ್ಚಿನ ಸಂಪರ್ಕ ದೆಹಲಿ ಮೂಲಕ. ದೆಹಲಿಯಿಂದ ಕಠ್ಮಂಡುವಿಗೆ ಹೋಗುವಾಗ ಎಡಗಡೆಯ ಕಿಟಕಿ ಸೀಟು ಕೇಳಿ ಪಡೆಯಿರಿ, ಆಕಾಶ ತಿಳಿಯಾಗಿದ್ದರೆ ಹಿಮಾಲಯದ ಸಾಲು ಆ ಕಡೆ ಕಾಣುತ್ತದೆ.

ರೈಲು, ರಸ್ತೆಯಲ್ಲಿ ಹೋಗುವವರಿಗೆ ಮೂರು ಗಡಿ ಮುಖ್ಯ.

ಸುನೌಲಿ: ಯಶವಂತಪುರದಿಂದ ಗೋರಖ್‌ಪುರಕ್ಕೆ ನೇರ ರೈಲು ಇದೆ. ಗೋರಖ್‌ಪುರದಿಂದ ಸುನೌಲಿಗೆ ಸುಮಾರು 100 ಕಿ.ಮೀ., ಬಸ್ಸಿನಲ್ಲಿ ಮೂರು ಗಂಟೆ. ಗಡಿಯಿಂದ ಲುಂಬಿನಿ ಸುಮಾರು 25 ಕಿ.ಮೀ. ಪೋಖರಾ ಸುಮಾರು 180 ಕಿ.ಮೀ. ಆದರೂ ಬೆಟ್ಟದ ರಸ್ತೆಯಾದ್ದರಿಂದ ಏಳೆಂಟು ಗಂಟೆ ಬೇಕು. ಕಠ್ಮಂಡುವಿಗೆ ಸುಮಾರು 280 ಕಿ.ಮೀ., ಅದಕ್ಕೊಂದು ಪೂರ್ತಿ ಹಗಲು ಮೀಸಲಿಡಿ. ಕಾಶಿ, ಅಯೋಧ್ಯೆ ನೋಡಿ ಬರುವವರಿಗೆ ಇದೇ ಸಹಜವಾದ ದಾರಿ. ವಾರಾಣಸಿಯಿಂದ ಕಠ್ಮಂಡುವಿಗೆ ನೇರ ಬಸ್ಸೂ ಇದೆ.

ರಕ್ಸೌಲ್: ಸಂಘಮಿತ್ರ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಪಟ್ನಾ ಕಡೆಗೆ ಬಂದು ಅಲ್ಲಿಂದ ರಕ್ಸೌಲ್, ಆಚೆ ಕಡೆ ಬೀರ್‌ಗಂಜ್. ಗಯಾ ಮುಗಿಸಿದವರಿಗೆ ಇದು ಹತ್ತಿರ. ಬೀರ್‌ಗಂಜ್‌ನಿಂದ ಹೇಟೌಡಾ ಮೇಲೆ ಕಠ್ಮಂಡುವಿಗೆ ಒಳದಾರಿಯಲ್ಲಿ ಹಂಚಿಕೆಯ ಸುಮೋಗಳು ಓಡುತ್ತವೆ. ದೂರ ಕಡಿಮೆ, ಆದರೆ ರಸ್ತೆ ಕಡಿದು, ತಿರುವು ವಿಪರೀತ. ಬೆನ್ನುನೋವು ಇರುವವರು, ವಾಂತಿ ಬರುವವರು ನಾರಾಯಣಗಢ ಮೇಲೆ ಸುತ್ತಿ ಹೋಗುವ ದೊಡ್ಡ ಬಸ್ಸನ್ನೇ ಹಿಡಿಯಲಿ.

ಜಯನಗರ: ಬಿಹಾರದ ಜಯನಗರದಿಂದ ಜನಕಪುರಕ್ಕೆ ಪ್ರಯಾಣಿಕ ರೈಲು 2022ರ ಏಪ್ರಿಲ್‌ನಿಂದ ಮತ್ತೆ ಓಡುತ್ತಿದೆ. ಸೀತೆಯ ತವರು ನೋಡಬೇಕೆನ್ನುವವರಿಗೆ ಅನುಕೂಲ. ಈ ರೈಲು ಭಾರತ, ನೇಪಾಳದ ಪ್ರಜೆಗಳಿಗೆ ಮಾತ್ರ, ವಿದೇಶಿ ಪಾಸ್‌ಪೋರ್ಟಿನವರಿಗೆ ಅಲ್ಲ.

ನಮ್ಮ ಸಲಹೆ: ಒಂದು ಗಡಿಯಲ್ಲಿ ಒಳಹೋಗಿ ಇನ್ನೊಂದರಲ್ಲಿ ಹೊರಬನ್ನಿ. ಸುನೌಲಿ, ಲುಂಬಿನಿ, ಪೋಖರಾ, ಮುಕ್ತಿನಾಥ, ಕಠ್ಮಂಡು, ಜನಕಪುರ, ಜಯನಗರ ಈ ಕ್ರಮದಲ್ಲಿ ಹೋದರೆ, ಪೋಖರಾ, ಮುಕ್ತಿನಾಥದ ನಡುವೆ ಬಿಟ್ಟು ಬೇರೆಲ್ಲೂ ಬಂದ ರಸ್ತೆಯಲ್ಲೇ ಮತ್ತೆ ಹೋಗಬೇಕಾಗಿಲ್ಲ. ಸ್ವಂತ ಗಾಡಿಯವರು ಜಯನಗರದ ಬದಲು ರಕ್ಸೌಲ್ ಹಿಡಿಯಬಹುದು.

ಸ್ವಂತ ಕಾರು ಅಥವಾ ಬೈಕಿನಲ್ಲಿ ನೇಪಾಳಕ್ಕೆ ಹೋಗಬಹುದೇ?

ಹೋಗಬಹುದು. ಕರ್ನಾಟಕ ನೋಂದಣಿಯ ಗಾಡಿಗಳು ಆಗಾಗ ಹೋಗುತ್ತಿರುತ್ತವೆ. ಮೂಲ ಆರ್‌ಸಿ, ಡ್ರೈವಿಂಗ್ ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ, ಪ್ರತಿಯೊಂದರ ಎರಡೆರಡು ಜೆರಾಕ್ಸ್ ಇಟ್ಟುಕೊಳ್ಳಿ. ಗಾಡಿ ಅಣ್ಣನದೋ ಸ್ನೇಹಿತರದೋ ಆದರೆ ಮಾಲೀಕರ ಒಪ್ಪಿಗೆ ಪತ್ರವೂ ಬೇಕು.

ಗಡಿ ದಾಟಿದ ಕೂಡಲೇ ಭನ್ಸಾರ್ ಅಂದರೆ ನೇಪಾಳದ ಕಸ್ಟಮ್ಸ್ ಕಚೇರಿ. ಎಷ್ಟು ದಿನ ಇರುತ್ತೀರಿ ಎಂದು ಬರೆದು, ದಿನದ ಲೆಕ್ಕದಲ್ಲಿ ಶುಲ್ಕ ಕಟ್ಟಿ ಚೀಟಿ ಪಡೆಯಬೇಕು. ಆಮೇಲೆ ಸಂಚಾರ ಅನುಮತಿ. ದಲ್ಲಾಳಿಗಳು ಸುತ್ತಿಕೊಳ್ಳುತ್ತಾರೆ. ಅವರಿಲ್ಲದೆಯೂ ಕೆಲಸ ಆಗುತ್ತದೆ, ಬೆಳಗ್ಗೆ ಬೇಗ ಹೋದರೆ ಸಾಲು ಚಿಕ್ಕದು. ಒಂದು ವರ್ಷದಲ್ಲಿ ಒಟ್ಟು 30 ದಿನದ ಮಿತಿ ಇದೆ.

ಚೀಟಿಯಲ್ಲಿ ದಿನಾಂಕ ನೋಡುವಾಗ ಎಚ್ಚರ. ನೇಪಾಳದ ಸರಕಾರಿ ಕಾಗದಗಳು ವಿಕ್ರಮ ಸಂವತ್ಸರದಲ್ಲಿ, ದೇವನಾಗರಿ ಅಂಕಿಗಳಲ್ಲಿ ಇರುತ್ತವೆ. 2025ರ ಏಪ್ರಿಲ್ ನಡುವಿನಿಂದ 2026ರ ಏಪ್ರಿಲ್ ನಡುವಿನವರೆಗೆ ಅಲ್ಲಿ 2082. ತಿಂಗಳೂ ನಮ್ಮ ಕ್ಯಾಲೆಂಡರಿನದಲ್ಲ, ಶ್ರಾವಣ, ಭಾದ್ರ ಎಂದು ಇರುತ್ತದೆ, ಅದೂ ನಮ್ಮ ಚಾಂದ್ರಮಾನ ಮಾಸಕ್ಕೆ ಹೊಂದುವುದಿಲ್ಲ, ಸೌರಮಾನದ್ದು. ಚೀಟಿ ಎಂದು ಮುಗಿಯುತ್ತದೆ ಎಂಬುದನ್ನು ಕೌಂಟರಿನಲ್ಲೇ ಕೇಳಿ ನಮ್ಮ ದಿನಾಂಕವನ್ನು ಪಕ್ಕದಲ್ಲಿ ಪೆನ್ನಿನಲ್ಲಿ ಬರೆದುಕೊಳ್ಳಿ. ಅವಧಿ ಮೀರಿದರೆ ಹೊರಬರುವಾಗ ದಂಡ ಬೀಳುತ್ತದೆ. ಭೂಕುಸಿತದಿಂದ ರಸ್ತೆ ಮುಚ್ಚಿದ್ದರೂ ದಿನದ ಲೆಕ್ಕ ನಿಲ್ಲುವುದಿಲ್ಲ, ಆದ್ದರಿಂದ ಎರಡು ದಿನ ಹೆಚ್ಚಿಗೇ ಕಟ್ಟಿರಿ.

ವಿಮೆಯನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಗಾಡಿಯ ಪಾಲಿಸಿ ಸಾಮಾನ್ಯವಾಗಿ ಭಾರತದೊಳಗೆ ಮಾತ್ರ ಅನ್ವಯ. ನೇಪಾಳ, ಭೂತಾನ್ ಸೇರಿದಂತೆ ನೆರೆಯ ದೇಶಗಳಿಗೆ ಭೌಗೋಳಿಕ ವ್ಯಾಪ್ತಿ ವಿಸ್ತರಿಸುವ ಸೌಲಭ್ಯ ಇದೆ, ಪಾಲಿಸಿ ಭಾಷೆಯಲ್ಲಿ ಅದು ಐಎಂಟಿ 1. ಹೆಚ್ಚುವರಿ ಪ್ರೀಮಿಯಂ ಅಲ್ಪವೇ. ಹೊರಡುವ ಮುಂಚೆ ವಿಮಾ ಕಂಪನಿಗೆ ಬರೆದು ಅದರ ಲಿಖಿತ ಪ್ರತಿ ತೆಗೆದುಕೊಳ್ಳಿ.

ಟೆಂಪೊ ಟ್ರಾವೆಲರ್, ಟೂರಿಸ್ಟ್ ಬಸ್ಸುಗಳಿಗೆ ಶುಲ್ಕವೂ ಕಾಗದಪತ್ರವೂ ಬೇರೆ. ಊರಿಂದಲೇ ಗಾಡಿ ಬಾಡಿಗೆಗೆ ಮಾಡಿಕೊಂಡು ಹೋಗುವವರು, ನೇಪಾಳದ ಶುಲ್ಕ ಯಾರು ಕಟ್ಟಬೇಕು ಎಂಬುದನ್ನು ಮಾತುಕತೆಯ ಹಂತದಲ್ಲೇ ಬರೆಸಿಕೊಳ್ಳಬೇಕು.

ಮುಕ್ತಿನಾಥಕ್ಕೆ ವಯಸ್ಸಾದವರನ್ನು ಕರೆದೊಯ್ಯಬಹುದೇ?

ಆರೋಗ್ಯ ಸರಿ ಇದ್ದರೆ ಹೌದು, ಅವಸರ ಮಾಡಬಾರದು. ದೇವಸ್ಥಾನ ಇರುವುದು ಸುಮಾರು 3,700 ಮೀಟರ್ ಎತ್ತರದಲ್ಲಿ. ಪೋಖರಾ ಸಾವಿರ ಮೀಟರಿಗೂ ಕೆಳಗಿದೆ. ಬೆಳಗ್ಗೆ ಪೋಖರಾದಿಂದ ವಿಮಾನದಲ್ಲಿ ಜೋಮ್ಸೊಮ್‌ಗೆ ಇಳಿದು, ಅಲ್ಲಿಂದ ಜೀಪಿನಲ್ಲಿ ಮುಕ್ತಿನಾಥಕ್ಕೆ ಹೋದರೆ ಕೆಲವೇ ಗಂಟೆಗಳಲ್ಲಿ ಸುಮಾರು ಮೂರು ಸಾವಿರ ಮೀಟರ್ ಏರಿದಂತಾಗುತ್ತದೆ. ತಲೆನೋವು, ವಾಕರಿಕೆ, ಉಸಿರು ಕಟ್ಟುವುದು ಇದರ ಫಲ. ರಸ್ತೆಯಲ್ಲಿ ಬೇನಿ ಮೇಲೆ ಹೋಗಿ, ತಾತೋಪಾನಿ ಅಥವಾ ಮಾರ್ಫಾ, ಜೋಮ್ಸೊಮ್‌ನಲ್ಲಿ ಒಂದು ರಾತ್ರಿ ತಂಗಿದರೆ ದೇಹ ಹೊಂದಿಕೊಳ್ಳುತ್ತದೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು ವೈದ್ಯರ ಒಪ್ಪಿಗೆ ಇಲ್ಲದೆ ಹೋಗಕೂಡದು. ಅಲ್ಲಿ ಹೋದ ಮೇಲೆ ತಲೆನೋವು ಜಾಸ್ತಿಯಾಗುತ್ತಿದ್ದರೆ ಮದ್ದಿಗಾಗಿ ಕಾಯುತ್ತ ಕೂರಬೇಡಿ, ಕೆಳಗಿಳಿಯಿರಿ.

ಜೋಮ್ಸೊಮ್ ವಿಮಾನಗಳು ಬೆಳಗಿನ ಹೊತ್ತು ಮಾತ್ರ. ಕಾಳಿಗಂಡಕಿ ಕಣಿವೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಗಾಳಿ ಜೋರಾಗಿ ಬೀಸಲು ಶುರುವಾಗುತ್ತದೆ. ಮುಂಜಾನೆ ಮೋಡ ಕವಿದರೆ ಅಂದಿನ ವಿಮಾನ ಹಾರುವುದು ಅನುಮಾನ. ಆದ್ದರಿಂದ ಜೋಮ್ಸೊಮ್‌ನಿಂದ ಬಂದ ದಿನವೇ ಊರಿಗೆ ವಿಮಾನ ಬುಕ್ ಮಾಡಬೇಡಿ. ಇದು ಅನ್ನಪೂರ್ಣ ಸಂರಕ್ಷಿತ ಪ್ರದೇಶ, ಪರ್ಮಿಟ್ ಬೇಕು. ಸಾರ್ಕ್ ದೇಶದವರಿಗೆ ಕಡಿಮೆ ದರವಿದೆ, ಪೋಖರಾದಲ್ಲೇ ಮಾಡಿಸಿಕೊಳ್ಳಿ.

ನೇಪಾಳದಲ್ಲಿ ನಮ್ಮ ರೂಪಾಯಿ ನಡೆಯುತ್ತದೆಯೇ?

₹100ರ ನೋಟು ಎಲ್ಲ ಕಡೆ ನಡೆಯುತ್ತದೆ. 1993ರಿಂದ ವಿನಿಮಯ ದರ ಬದಲಾಗಿಲ್ಲ: ಭಾರತದ ₹100ಕ್ಕೆ ನೇಪಾಳದ 160. 2018ರ ಡಿಸೆಂಬರಿನಲ್ಲಿ ನೇಪಾಳ ₹200, ₹500ರ ನೋಟುಗಳನ್ನು ನಿಷೇಧಿಸಿತು. ದೊಡ್ಡ ನೋಟಿನ ನಿಯಮ ಆಗಾಗ ಬದಲಾಗುವುದರಿಂದ ನೇಪಾಳ ರಾಷ್ಟ್ರ ಬ್ಯಾಂಕಿನ ಪ್ರಕಟಣೆ ನೋಡಿಕೊಂಡು ಹೊರಡಿ. ನಿಯಮ ಏನೇ ಇರಲಿ, ಬ್ಯಾಂಕಿನಿಂದ ನೂರರ ಕಟ್ಟುಗಳನ್ನು ತೆಗೆದುಕೊಂಡು ಹೋಗುವುದು ನೆಮ್ಮದಿ. ಬೆಲೆ ಕೇಳಿದಾಗಲೆಲ್ಲ ‘ಐಸಿಯೋ ಎನ್‌ಸಿಯೋ’ ಎಂದು ಖಚಿತ ಮಾಡಿಕೊಳ್ಳಿ. ಭಾರತದ ರೂಪಾಯಿಗೆ ಅಲ್ಲಿ ಐಸಿ, ನೇಪಾಳದ್ದಕ್ಕೆ ಎನ್‌ಸಿ ಎನ್ನುತ್ತಾರೆ. ಹೋಟೆಲ್ ಬಿಲ್ಲಿನಲ್ಲಿ ಇದರ ಗೊಂದಲದಿಂದ ಜಗಳ ಆಗುವುದು ಸಾಮಾನ್ಯ.

2024ರ ಮಾರ್ಚ್‌ನಿಂದ ಫೋನ್‌ಪೇ ಎಂಬ ನೇಪಾಳದ ಜಾಲದ ಕ್ಯೂಆರ್ ಇರುವ ಅಂಗಡಿಗಳಲ್ಲಿ ನಮ್ಮ ಯುಪಿಐ ಮೂಲಕ ಪಾವತಿ ಮಾಡಬಹುದು. ಇದಕ್ಕೂ ನಮ್ಮಲ್ಲಿರುವ ಅದೇ ಹೆಸರಿನ ಆ್ಯಪ್‌ಗೂ ಸಂಬಂಧ ಇಲ್ಲ. ನಿಮ್ಮ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಯುಪಿಐ ಆಯ್ಕೆಯನ್ನು ಊರಲ್ಲಿರುವಾಗಲೇ ಚಾಲೂ ಮಾಡಿಕೊಳ್ಳಿ, ಅಲ್ಲಿ ಹೋದ ಮೇಲೆ ಒಟಿಪಿ ಬರುವುದು ಕಷ್ಟ. ಬೆಟ್ಟದ ಊರುಗಳಲ್ಲಿ ನಗದೇ ಗತಿ.

ಭೂತಾನ್ ಪರ್ಮಿಟ್ ಹೇಗೆ ಮಾಡಿಸುವುದು?

ಆನ್‌ಲೈನ್‌ನಲ್ಲಿ ಮುಂಚಿತವಾಗಿ ಮಾಡಿಸುವುದು ಉತ್ತಮ. ಭೂತಾನಿನ ಗಡಿ ಊರಾದ ಫುಂಟ್‌ಶೋಲಿಂಗ್‌ನ ವಲಸೆ ಕಚೇರಿಯಲ್ಲೂ ಪಾರೊ ವಿಮಾನ ನಿಲ್ದಾಣದಲ್ಲೂ ಸಿಗುತ್ತದೆ. ಆದರೆ ರಜಾಕಾಲದಲ್ಲಿ ಅಲ್ಲಿ ಸಾಲು ಹನುಮಂತನ ಬಾಲ. ಬೇಕಾಗುವುದು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿಯ ಸ್ಕ್ಯಾನ್, ಪಾಸ್‌ಪೋರ್ಟ್ ಅಳತೆಯ ಫೋಟೊ, ಹೋಟೆಲ್ ಬುಕಿಂಗ್, ದಿನವಾರು ಪ್ರವಾಸ ಪಟ್ಟಿ.

ಅರ್ಜಿ ವಾಪಸ್ ಬರುವುದು ಸಣ್ಣಪುಟ್ಟ ಕಾರಣಕ್ಕೆ. ವೋಟರ್ ಐಡಿಯ ಒಂದೇ ಬದಿ ಸ್ಕ್ಯಾನ್ ಮಾಡಿರುತ್ತಾರೆ, ವಿಳಾಸ ಹಿಂಬದಿಯಲ್ಲಿರುತ್ತದೆ. ಫೋಟೊ ಬದಲು ಸೆಲ್ಫಿ ಹಾಕಿರುತ್ತಾರೆ. ಹೋಟೆಲ್ ಬುಕಿಂಗ್ ನಾಲ್ಕು ರಾತ್ರಿಗೆ ಇದ್ದು ಪ್ರವಾಸ ಪಟ್ಟಿ ಐದು ರಾತ್ರಿಯದಿರುತ್ತದೆ. ಪುನಾಖಾ, ಹಾ, ಬುಮ್ತಾಂಗ್ ಹೀಗೆ ಥಿಂಫು, ಪಾರೊದಾಚೆ ಹೋಗುವ ಯೋಚನೆ ಇದ್ದರೆ ಅರ್ಜಿಯಲ್ಲೇ ಬರೆಯಿರಿ, ಅಲ್ಲಿಗೆ ಗೈಡ್ ಕಡ್ಡಾಯವೇ ಎಂದೂ ಆಗಲೇ ಕೇಳಿಕೊಳ್ಳಿ. ಮಂಜೂರಾದ ಪರ್ಮಿಟ್ಟಿನ ಮುದ್ರಿತ ಪ್ರತಿ ಎರಡು ಇಟ್ಟುಕೊಳ್ಳಿ. ಫುಂಟ್‌ಶೋಲಿಂಗ್ ಬಿಟ್ಟು ಬೆಟ್ಟ ಏರುತ್ತಿದ್ದಂತೆ ರಿಂಚೆಂಡಿಂಗ್ ತಪಾಸಣಾ ಠಾಣೆಯಲ್ಲಿ ಅದನ್ನು ತೋರಿಸಬೇಕು.

ಎಸ್‌ಡಿಎಫ್ ಎಂದರೇನು? ಎಷ್ಟಾಗುತ್ತದೆ?

ಸುಸ್ಥಿರ ಅಭಿವೃದ್ಧಿ ಶುಲ್ಕ. ಭಾರತೀಯರಿಗೆ ಒಬ್ಬರಿಗೆ ಒಂದು ರಾತ್ರಿಗೆ ₹1,200. 6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಗಂಡ, ಹೆಂಡತಿ, ಒಂಬತ್ತು ವರ್ಷದ ಮಗ, ನಾಲ್ಕು ವರ್ಷದ ಮಗಳು ಐದು ರಾತ್ರಿ ತಂಗಿದರೆ ದೊಡ್ಡವರಿಬ್ಬರದು ₹12,000, ಮಗನದು ₹3,000, ಒಟ್ಟು ₹15,000. ಹೋಟೆಲ್, ಗಾಡಿ, ಊಟ ಇದರಲ್ಲಿ ಸೇರಿಲ್ಲ. ಟೂರ್ ಪ್ಯಾಕೇಜ್ ಅಗ್ಗ ಕಂಡರೆ ಎಸ್‌ಡಿಎಫ್ ಸೇರಿದೆಯೇ ಎಂದು ಮೊದಲು ಕೇಳಿ.

ಈ ಶುಲ್ಕ ಹೆಚ್ಚಾಯಿತು ಎನ್ನುವವರಿದ್ದಾರೆ. ಜನಜಂಗುಳಿ ಇಲ್ಲದ ಬೆಟ್ಟ, ಕಸವಿಲ್ಲದ ರಸ್ತೆ ನೋಡಿದರೆ ಕೊಟ್ಟ ಹಣ ಸಾರ್ಥಕ ಎಂಬುದು ನಮ್ಮ ಅಭಿಪ್ರಾಯ.

ಬೆಂಗಳೂರಿನಿಂದ ಭೂತಾನ್‌ಗೆ ದಾರಿ?

ಬೆಂಗಳೂರಿನಿಂದ ಬಾಗ್‌ಡೋಗ್ರಾಕ್ಕೆ ನೇರ ವಿಮಾನಗಳಿವೆ. ಅಲ್ಲಿಂದ ಟ್ಯಾಕ್ಸಿಯಲ್ಲಿ ಜೈಗಾಂವ್‌ಗೆ ಸುಮಾರು 150 ಕಿ.ಮೀ., ನಾಲ್ಕು ಗಂಟೆ, ಚಹಾ ತೋಟಗಳ ನಡುವಿನ ಚೆಂದದ ರಸ್ತೆ. ರೈಲಿನವರು ಗುವಾಹಟಿ ಕಡೆಯ ರೈಲಿನಲ್ಲಿ ನ್ಯೂ ಜಲಪಾಯಿಗುಡಿಗೆ ಬರಬಹುದು. ಜೈಗಾಂವ್‌ಗೆ ಅತಿ ಹತ್ತಿರದ ನಿಲ್ದಾಣ ಹಾಸಿಮಾರಾ, ಆದರೆ ದೂರದ ರೈಲುಗಳೆಲ್ಲ ಅಲ್ಲಿ ನಿಲ್ಲುವುದಿಲ್ಲ.

ಜೈಗಾಂವ್ ಭಾರತದ ಕಡೆ, ಗೇಟಿನಾಚೆ ಫುಂಟ್‌ಶೋಲಿಂಗ್. ಅಲ್ಲಿಂದ ಥಿಂಫುವಿಗೆ ಸುಮಾರು 150 ಕಿ.ಮೀ., ನಾಲ್ಕೈದು ಗಂಟೆ. ಭಾರತದ ಖಾಸಗಿ ಗಾಡಿಯನ್ನು ಒಳಗೆ ಒಯ್ಯಲು ದಿನಕ್ಕೆ ದೊಡ್ಡ ಮೊತ್ತ ಕಟ್ಟಬೇಕಾದ್ದರಿಂದ ಗಡಿಯಲ್ಲೇ ನಿಲ್ಲಿಸಿ ಭೂತಾನಿನ ಟ್ಯಾಕ್ಸಿ ಹಿಡಿಯುವುದು ಲೆಕ್ಕಕ್ಕೆ ಸರಿ. ಬಾಗ್‌ಡೋಗ್ರಾಕ್ಕೆ ಮಧ್ಯಾಹ್ನ ಇಳಿದವರು ಅಂದೇ ಥಿಂಫು ಮುಟ್ಟಲು ಹೋಗಬೇಡಿ. ಜೈಗಾಂವ್‌ನಲ್ಲಿ ಉಳಿದು ಬೆಳಗ್ಗೆ ದಾಟಿ, ಒಂದು ರಾತ್ರಿಯ ಎಸ್‌ಡಿಎಫ್ ಕೂಡ ಉಳಿಯುತ್ತದೆ.

ಪೂರ್ವ ಭೂತಾನ್ ನೋಡುವವರಿಗೆ ಅಸ್ಸಾಮಿನ ದರಂಗಾದಿಂದ ಸಮ್‌ದ್ರುಪ್ ಜೋಂಗ್‌ಖಾರ್ ದ್ವಾರ ಇದೆ. ಪಾರೊಗೆ ದೆಹಲಿ, ಕೋಲ್ಕತಾ ಮುಂತಾದೆಡೆಯಿಂದ ವಿಮಾನವಿದೆ. ಬೆಟ್ಟಗಳ ನಡುವಿನ ಆ ನಿಲ್ದಾಣದಲ್ಲಿ ಹಗಲು ಬೆಳಕಿನಲ್ಲಷ್ಟೇ ವಿಮಾನ ಇಳಿಯುವುದರಿಂದ ಹವೆ ಕೆಟ್ಟರೆ ತಡವಾಗುತ್ತದೆ. ಬೆಂಗಳೂರಿನ ಮುಂದಿನ ವಿಮಾನ ಮರುದಿನದ್ದಿರಲಿ.

ನೇಪಾಳ, ಭೂತಾನ್ ಎರಡನ್ನೂ ಒಂದೇ ಪ್ರವಾಸದಲ್ಲಿ ಮುಗಿಸಬಹುದೇ?

ಎರಡು ವಾರ ಇದ್ದರೆ ಮಾತ್ರ. ಎರಡೂ ದೇಶಗಳ ನಡುವೆ ಭಾರತದ ನೆಲ ಇದೆ. ಪೂರ್ವ ನೇಪಾಳದ ಕಾಕಡ್‌ಭಿಟ್ಟಾದಿಂದ ಮೇಚಿ ನದಿಯ ಸೇತುವೆ ದಾಟಿದರೆ ಪಾಣಿಟಂಕಿ, ಅಲ್ಲಿಂದ ಸಿಲಿಗುರಿ, ಆಮೇಲೆ ಜೈಗಾಂವ್. ಕಠ್ಮಂಡುವಿನಿಂದ ಕಾಕಡ್‌ಭಿಟ್ಟಾಗೆ ಬಸ್ಸಿನಲ್ಲಿ ಇಡೀ ರಾತ್ರಿ ಹಿಡಿಯುತ್ತದೆ. ಹತ್ತಿರದ ಭದ್ರಪುರಕ್ಕೆ ಒಳನಾಡಿನ ವಿಮಾನ ಹಿಡಿದರೆ ದಣಿವು ತಪ್ಪುತ್ತದೆ. ವಿದೇಶಿ ಪಾಸ್‌ಪೋರ್ಟಿನವರು ಕಾಕಡ್‌ಭಿಟ್ಟಾ, ಪಾಣಿಟಂಕಿ, ಜೈಗಾಂವ್, ಫುಂಟ್‌ಶೋಲಿಂಗ್ ನಾಲ್ಕೂ ಕಡೆ ಮುದ್ರೆ ಹಾಕಿಸಬೇಕು. ಭಾರತಕ್ಕೆ ಅವರ ವೀಸಾ ಹಲವು ಬಾರಿ ಪ್ರವೇಶದ್ದಾಗಿರಬೇಕು, ಅಥವಾ ಒಸಿಐ ಇರಬೇಕು.

ಯಾವ ತಿಂಗಳು ಹೋಗುವುದು?

ಅಕ್ಟೋಬರ್, ನವೆಂಬರ್ ಅತ್ಯುತ್ತಮ, ಮಾರ್ಚ್, ಏಪ್ರಿಲ್ ಆಮೇಲಿನದು. ಜೂನ್‌ನಿಂದ ಸೆಪ್ಟೆಂಬರ್ ನಡುವೆ ನೇಪಾಳದ ಬೆಟ್ಟದ ರಸ್ತೆಗಳಲ್ಲಿ ರಾತ್ರಿ ಬಸ್ ಹತ್ತಲೇಬೇಡಿ. 2024ರ ಜುಲೈನಲ್ಲಿ ನಾರಾಯಣಗಢ, ಮುಗ್ಲಿಂಗ್ ನಡುವಿನ ಸಿಮಲ್‌ತಾಲ್‌ನಲ್ಲಿ ಬೆಳಗಿನ ಜಾವ ಭೂಕುಸಿತಕ್ಕೆ ಸಿಕ್ಕ ಎರಡು ಬಸ್ಸುಗಳು ತ್ರಿಶೂಲಿ ನದಿಗೆ ಕೊಚ್ಚಿಹೋದವು. ಸುನೌಲಿಯಿಂದ, ಬೀರ್‌ಗಂಜ್‌ನಿಂದ ಕಠ್ಮಂಡುವಿಗೆ ಹೋಗುವ ಬಸ್ಸುಗಳು ಬಳಸುವುದು ಇದೇ ರಸ್ತೆಯನ್ನು.

ನೇಪಾಳದ ದಶೈಂ ನಮ್ಮ ದಸರಾ ಹೊತ್ತಿಗೇ ಬರುತ್ತದೆ. ಬಸ್ ಸೀಟು ಸಿಗುವುದಿಲ್ಲ, ಸರಕಾರಿ ಕಚೇರಿ ಹಲವು ದಿನ ಮುಚ್ಚಿರುತ್ತವೆ. ಭೂತಾನ್‌ನಲ್ಲಿ ಪಾರೊ, ಥಿಂಫು ತ್ಸೇಚು ಉತ್ಸವದ ದಿನಗಳಲ್ಲಿ ಕೋಣೆ ತಿಂಗಳುಗಟ್ಟಲೆ ಮುಂಚೆಯೇ ಭರ್ತಿ. ರಾಜಕೀಯ ಗಲಾಟೆಯ ಸಾಧ್ಯತೆಯನ್ನೂ ಲೆಕ್ಕಕ್ಕಿಡಿ, 2025ರ ಸೆಪ್ಟೆಂಬರಿನ ಪ್ರತಿಭಟನೆಯಲ್ಲಿ ಕಠ್ಮಂಡು ವಿಮಾನ ನಿಲ್ದಾಣವೇ ಬಂದ್ ಆಗಿತ್ತು. ಒಂದು ದಿನ ಖಾಲಿ ಇಟ್ಟುಕೊಂಡ ಯೋಜನೆಯೇ ಸರಿಯಾದ ಯೋಜನೆ.

ಸಸ್ಯಾಹಾರ ಸಿಗುತ್ತದೆಯೇ?

ನೇಪಾಳದಲ್ಲಿ ಚಿಂತೆ ಇಲ್ಲ. ದಾಲ್ ಭಾತ್ ಎಂದರೆ ಅನ್ನ, ಬೇಳೆ, ಪಲ್ಯ, ಹೊಟ್ಟೆ ತುಂಬುವಷ್ಟು ಬಡಿಸುತ್ತಾರೆ. ಭೂತಾನ್‌ನಲ್ಲಿ ಎಮಾ ದಾತ್ಶಿ ಎಂಬ ಮೆಣಸಿನಕಾಯಿ, ಚೀಸಿನ ಪಲ್ಯ ಸಿಗುತ್ತದೆ, ಖಾರ ಜಾಸ್ತಿ. ಅಲ್ಲಿ ಆಲೂಗಡ್ಡೆಯ ಕೆವಾ ದಾತ್ಶಿ ಮಕ್ಕಳಿಗೆ ಹಿಡಿಸುತ್ತದೆ.

ಪಶುಪತಿನಾಥದಲ್ಲಿ ಚರ್ಮದ ಬೆಲ್ಟ್, ಪರ್ಸು ಒಳಗೆ ಒಯ್ಯುವಂತಿಲ್ಲ. ಅಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕ ಮೂಲದವರು, ಜನ ಕಡಿಮೆ ಇರುವ ಹೊತ್ತಿನಲ್ಲಿ ಕನ್ನಡದಲ್ಲಿ ಮಾತಾಡಿಸಿ ನೋಡಿ.

ಫೋನು, ಗಡಿಯಾರ, ಔಷಧಿ?

ನೇಪಾಳದ ಸಮಯ ನಮಗಿಂತ 15 ನಿಮಿಷ ಮುಂದೆ, ಭೂತಾನಿನದು 30 ನಿಮಿಷ. ಫೋನ್ ತಾನಾಗಿ ಬದಲಾಗದಿದ್ದರೆ ಬಸ್ ತಪ್ಪುತ್ತದೆ. ಗಡಿ ದಾಟಿದರೆ ಅಂತರರಾಷ್ಟ್ರೀಯ ರೋಮಿಂಗ್ ದರ ಬೀಳುತ್ತದೆ, ಸ್ಥಳೀಯ ಸಿಮ್ ಅಗ್ಗ. ಗುರುತಿನ ಚೀಟಿಯ ಪ್ರತಿ, ಎರಡು ಫೋಟೊ ಕೊಟ್ಟರೆ ಸಾಕು. ದಿನನಿತ್ಯದ ಮಾತ್ರೆಗಳು ಪ್ರವಾಸಕ್ಕಿಂತ ಒಂದು ವಾರ ಹೆಚ್ಚಿಗೆ ಇರಲಿ, ವೈದ್ಯರ ಚೀಟಿಯೂ ಇರಲಿ. ಭಾರತದ ಸಾಮಾನ್ಯ ಆರೋಗ್ಯ ವಿಮೆ ಹೊರದೇಶದಲ್ಲಿ ಅನ್ವಯವಾಗುವುದಿಲ್ಲ. ಎತ್ತರದ ಜಾಗದಿಂದ ಹೆಲಿಕಾಪ್ಟರಿನಲ್ಲಿ ಇಳಿಸಬೇಕಾಗಿ ಬಂದರೆ ಖರ್ಚು ಲಕ್ಷಗಳಲ್ಲಿ ಹೋಗುತ್ತದೆ, ಪ್ರವಾಸ ವಿಮೆ ತೆಗೆದುಕೊಳ್ಳುವಾಗ ಅದು ಎಷ್ಟು ಮೀಟರ್ ಎತ್ತರದವರೆಗೆ ಅನ್ವಯ ಎಂದು ಓದಿ.

ಅಲ್ಲಿ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಕಳೆದುಹೋದರೆ?

ಮೊದಲು ಹತ್ತಿರದ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಅದರ ಪ್ರತಿ ಪಡೆಯಿರಿ. ನೇಪಾಳದಲ್ಲಾದರೆ ಕಠ್ಮಂಡುವಿನ ಲೈಂಚೌರ್‌ನಲ್ಲಿ ಭಾರತದ ರಾಯಭಾರ ಕಚೇರಿ, ಬೀರ್‌ಗಂಜ್‌ನಲ್ಲಿ ಕಾನ್ಸುಲೇಟ್ ಇದೆ. ಭೂತಾನ್‌ನಲ್ಲಿ ಥಿಂಫುವಿನಲ್ಲಿ ರಾಯಭಾರ ಕಚೇರಿ, ಫುಂಟ್‌ಶೋಲಿಂಗ್‌ನಲ್ಲಿ ಕಾನ್ಸುಲೇಟ್. ತುರ್ತು ಪ್ರಮಾಣಪತ್ರ ಅಲ್ಲೇ ಸಿಗುತ್ತದೆ, ಅದರ ಮೇಲೆ ಭಾರತಕ್ಕೆ ಒಂದು ಸಲ ವಾಪಸ್ ಬರಬಹುದು. ಅರ್ಜಿಗೆ ಕಳೆದ ದಾಖಲೆಯ ಪ್ರತಿ, ಪೊಲೀಸ್ ದೂರು, ಫೋಟೊ ಕೇಳುತ್ತಾರೆ. ಮನೆಯವರೆಲ್ಲರ ಕಾಗದಗಳ ಸ್ಕ್ಯಾನ್ ಪ್ರತಿಯನ್ನು ನಿಮ್ಮ ಇಮೇಲಿಗೂ ಊರಲ್ಲಿರುವ ಒಬ್ಬರಿಗೂ ಕಳಿಸಿಟ್ಟಿರಿ. ಮೂಲ ಕಾಗದಗಳನ್ನು ಒಬ್ಬರ ಬ್ಯಾಗಿನಲ್ಲೇ ಒಟ್ಟಿಗೆ ಇಡದೆ ಅವರವರದನ್ನು ಅವರವರೇ ಇಟ್ಟುಕೊಳ್ಳಲಿ. ಆಗ ಒಂದು ಬ್ಯಾಗ್ ಕಳೆದರೂ ಉಳಿದವರ ಪ್ರಯಾಣ ನಿಲ್ಲುವುದಿಲ್ಲ.